ಗೋಡೆ ಕಡೆಯ ಎರಡಡಿ

ಏರುಮಡಿಯಲ್ಲಿ, ಅಂದರೆ ನೆಲದ ಮೇಲೆ ಹಲಗೆಯ ಕಟ್ಟೆ ಕಟ್ಟಿ ಮಣ್ಣು ತುಂಬಿದ ಮಡಿಯಲ್ಲಿ, ತರಕಾರಿ ಬೆಳೀತೀವಿ ಅಂದರೆ ಸಾಕು, ಎಲ್ಲರೂ ಮೊದಲು ಹೇಳುವ ಮಾತು ಒಂದೇ. ಅಗಲ 4 ಅಡಿ ದಾಟಬಾರದು. ಕೂತಲ್ಲಿಂದ ಕೈ ಚಾಚಿದರೆ ಸಲೀಸಾಗಿ ಎಟುಕುವುದು 2 ಅಡಿ, ಈ ಕಡೆಯಿಂದ 2, ಆ ಕಡೆಯಿಂದ 2, ಅಲ್ಲಿಗೆ ಲೆಕ್ಕ ಸರಿಹೋಯಿತು. ನಮ್ಮ ಯಜಮಾನರು ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಟೇಪು ಹಿಡಿದು ಅಳೆದು, ಹಲಗೆ ಕೊಯ್ಸಿ, ಮೂಲೆಗೆ ಸ್ಕ್ರೂ ಬಿಗಿದು, ಉದ್ದಗಲ 4 ಅಡಿ, ಎತ್ತರ 1 ಅಡಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಚೌಕ ಮಾಡಿದರು. ಆಮೇಲೆ ಅದನ್ನು ತಂದು ಕಾಂಪೌಂಡ್ ಗೋಡೆಗೆ ಒತ್ತರಿಸಿ ಇಟ್ಟರು. "ಬಿಸಿಲು ಚೆನ್ನಾಗಿ ಬೀಳೋದೇ ಇಲ್ಲಿ ಕಣೇ" ಅಂದರು. ಬಿಸಿಲೇನೋ ಬೀಳುತ್ತಿತ್ತು. ಆ ಕಡೆಯಿಂದ ಕೈ ಚಾಚುವವರು ಯಾರು ಅನ್ನುವ ಪ್ರಶ್ನೆ ಮಾತ್ರ ಮಣ್ಣು ತುಂಬಿ ಮುಗಿಯುವವರೆಗೂ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಣ್ಣು ತುಂಬುವುದು ಅಂದೆನಲ್ಲ, ಅದೂ ಒಂದು ಕಥೆ. ಖಾಲಿ ಇದ್ದಾಗ "ಪುಟ್ಟ ಮಡಿ, ಎಷ್ಟು ಮುದ್ದಾಗಿದೆ" ಅನ್ನಿಸಿತ್ತು. ಅದರ ಹೊಟ್ಟೆಗೆ 16 ಘನ ಅಡಿ, ಅಂದರೆ 450 ಲೀಟರಿನಷ್ಟು ಮಣ್ಣು ಹಿಡಿಯುತ್ತದೆ ಅನ್ನುವುದು ಮುದ್ದು ಮಾಡುವಾಗ ಯಾರಿಗೆ ನೆನಪಿರುತ್ತದೆ? ಹಾಗಂತ ಹಿತ್ತಲ ಮಣ್ಣನ್ನೇ ಅಗೆದು ಸುರಿಯುವ ಹಾಗೂ ಇಲ್ಲ, ನೀರು ಬೀಳ್ತಾ ಬೀಳ್ತಾ ಅದು ಗಟ್ಟಿಯಾಗಿ ಕೂತುಬಿಡುತ್ತದೆ, ಬೇರಿಗೆ ಉಸಿರಾಡಲು ಜಾಗವಿರುವುದಿಲ್ಲ. ಮಣ್ಣು, ಕಾಂಪೋಸ್ಟ್, ಕೋಕೋಪೀಟ್ ಅನ್ನುವ ತೆಂಗಿನ ನಾರಿನ ಪುಡಿ ಎಲ್ಲ ಕಲಸಬೇಕು. 20 ಲೀಟರಿನ ಚೀಲ 22 ಸುರಿದರೂ ಅಂಚು ಮುಟ್ಟಲಿಲ್ಲ. ಕೊನೆಗೆ ಹೇಗೋ ತುಂಬಿತು ಅಂತ ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಒಂದು ಜೋರು ಮಳೆ ಬಂದು ಎಲ್ಲ ಕೆಳಗೆ ಇಳಿಯಿತು. ಕಾಂಪೋಸ್ಟ್ ಕೊಳೀತಾ ಕೊಳೀತಾ ಕುಗ್ಗುತ್ತದಂತೆ, ಪ್ರತಿ ಬೆಳೆಗೂ ಮೇಲೊಂದಿಷ್ಟು ತುಂಬುತ್ತಲೇ ಇರಬೇಕಂತೆ. ಈ ವಿಷಯವನ್ನು ಜನ ನಾವು ತುಂಬಿಸಿದ ಮೇಲೆ ಹೇಳುತ್ತಾರೆ, ಮುಂಚೆ ಯಾರೂ ಹೇಳುವುದಿಲ್ಲ.

ಆಗ ಬಂತು ನೋಡಿ ಗೋಡೆಯ ಪ್ರಶ್ನೆ. "ಸ್ವಲ್ಪ ಈಚೆ ಎಳೆದುಬಿಡೋಣವಾ?" ಅಂದೆ. ಇವರು ಮಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನೀರು ಕುಡಿದ ಅಷ್ಟು ಮಣ್ಣು ಹತ್ತಿರ ಹತ್ತಿರ ಅರ್ಧ ಟನ್ ತೂಗುತ್ತದೆ. "ಅದಕ್ಕಿಂತ ಗೋಡೆ ಸರಿಸೋದು ಸುಲಭ" ಅಂತ ಒಳಗೆ ಹೋದರು.

ಹೀಗೆ ನಮ್ಮ ತೋಟ ಎರಡು ಭಾಗವಾಯಿತು. ಈಚೆಯ 2 ಅಡಿ ಕೈಗೆ ಸಿಗುವುದು, ಆಚೆಯ 2 ಅಡಿ ಕಣ್ಣಿಗೆ ಮಾತ್ರ ಕಾಣುವುದು. ಒಳಗೆ ಕಾಲಿಡುವ ಹಾಗಿಲ್ಲ. ತುಳಿಯದೆ ಮಣ್ಣು ಸಡಿಲ ಇರಲಿ ಅಂತ ತಾನೇ ಇಷ್ಟೆಲ್ಲ ಖರ್ಚು ಮಾಡಿ ಏರುಮಡಿ ಮಾಡಿದ್ದು! ಇವರು ಒಂದು ಉಪಾಯ ಹೂಡಿದರು. ಮಡಿಗೆ ಅಡ್ಡಲಾಗಿ ಒಂದು ಹಲಗೆ ಹಾಕಿ, ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಎರಡೂ ಕೈ ಮುಂದೆ ಚಾಚಿ ಬೀಜ ಊರುವುದು. ನೋಡಲು ಈಜು ಕಲಿಯುವವರ ಹಾಗಿತ್ತು. ಎರಡು ಬೀಜ ಊರುವಷ್ಟರಲ್ಲಿ ಕನ್ನಡಕ ಜಾರಿ ಆಚೆ ಬಿತ್ತು. ಕನ್ನಡಕ ಹುಡುಕಬೇಕೆಂದರೆ ಇವರಿಗೆ ಕನ್ನಡಕ ಬೇಕು. ಎಡಗೈಯಲ್ಲಿ ತಡಕಾಡಿದರು, ಬಲಗೈಯಲ್ಲಿ ತಡಕಾಡಿದರು, ಆಗ ತಾನೇ ಊರಿದ್ದ ಎರಡು ಬೀಜಗಳೂ ಕೈಗೆ ಬಂದವು, ಕನ್ನಡಕ ಬರಲಿಲ್ಲ. ನಾನು ಪಕ್ಕದಲ್ಲಿ ನಿಂತು "ಇನ್ನೂ ಎಡಕ್ಕೆ, ಅಲ್ಲ, ನಿಮ್ಮ ಎಡಕ್ಕೆ" ಅಂತ ನಿರ್ದೇಶನ ಕೊಟ್ಟೆ. ಹೊರಗೆ ಬಂದ ಕನ್ನಡಕದ ಎರಡೂ ಗಾಜಿಗೆ ಒಳ್ಳೇ ಕಾಂಪೋಸ್ಟ್ ಮೆತ್ತಿಕೊಂಡಿತ್ತು. ಆಚೆ ಕಡೆಗೆ ಇನ್ನು ನಾನು ಬರಲ್ಲ ಅಂತ ಇವರು ಅಲ್ಲೇ ಘೋಷಿಸಿದರು.

ಸರಿ, ನಮ್ಮ ಪ್ರೀತಿಯೆಲ್ಲ ಈಚೆಯ ಎರಡಡಿಗೇ ಹರಿಯಿತು. ಅಲ್ಲಿ ಸಿಗುವುದು ಒಂದಡಿ ಉದ್ದಗಲದ 8 ಮನೆಗಳು. ಪ್ರತಿ ಮನೆಗೂ ಒಂದು ಲೆಕ್ಕವಿದೆ: ಮೂಲಂಗಿ ಆದರೆ 16, ಲೆಟ್ಯೂಸ್ ಆದರೆ 4, ಟೊಮೆಟೊ ಅಥವಾ ಎಲೆಕೋಸು ಆದರೆ ಒಂದೇ ಒಂದು. ಹೆಬ್ಬೆರಳುದ್ದದ ಟೊಮೆಟೊ ಸಸಿಗೆ ಇಡೀ ಒಂದು ಮನೆ ಬಿಟ್ಟುಕೊಡುವಷ್ಟು ಎದೆಗಾರಿಕೆ ಯಾರಿಗಿದೆ ಹೇಳಿ? ಸುತ್ತಲೂ ಖಾಲಿ ಜಾಗ ಬಿದ್ದಿದೆ, ಪ್ಯಾಕೆಟ್ಟಿನಲ್ಲಿ ಇನ್ನೂ ಬೀಜ ಉಳಿದಿವೆ. ಮೂಲಂಗಿ ಬೀಜವನ್ನಂತೂ ನಾನು ಉಪ್ಪು ಉದುರಿಸಿದ ಕೈಯಲ್ಲೇ ಉದುರಿಸಿದೆ. ನಾಲ್ಕೈದು ದಿನಕ್ಕೇ ಎಲ್ಲವೂ ಎದ್ದು ನಿಂತವು, ಒಂದೂ ಬಿಡದೆ. ಈಗ ಹೆಚ್ಚಾದವನ್ನು ಕಿತ್ತು ಜಾಗ ಮಾಡಿಕೊಡಬೇಕು, ಇಲ್ಲದಿದ್ದರೆ ಎಲೆ ಮಾತ್ರ ಬೆಳೆಯುತ್ತದೆ, ಗೆಡ್ಡೆ ಕಟ್ಟುವುದಿಲ್ಲ. ಎರಡೆಲೆ ಬಿಟ್ಟುಕೊಂಡು ನಗುತ್ತಾ ನಿಂತಿರುವ ಮರಿಗಳಲ್ಲಿ ಯಾವುದನ್ನು ಕೀಳೋದು? "ಪಾಪ ಅಲ್ವಾ" ಅಂತ ನಾನು. "ಸುಮ್ನೆ ಕೀಳು, ಪಾಪಪುಣ್ಯ ಆಮೇಲೆ ನೋಡೋಣ" ಅಂತ ಇವರು. ಅಷ್ಟಂದವರು ತಾವು ಕೀಳಲು ಕೂತಾಗ ಒಂದೊಂದನ್ನೂ ಎತ್ತಿ ಬೇರೆ ಕಡೆ ನೆಟ್ಟರು. ಮೂಲಂಗಿಗೆ ಜಾಗ ಬದಲಾಯಿಸುವುದು ಆಗಿಬರುವುದಿಲ್ಲ. ಬೇರಿಗೆ ಒಂಚೂರು ಪೆಟ್ಟಾದರೂ ಸೊಟ್ಟಗೆ ಬೆಳೆಯುತ್ತದೆ. ನಮ್ಮಲ್ಲಿ ಕೊನೆಗೆ ಸಿಕ್ಕಿದ್ದರಲ್ಲಿ ಒಂದಕ್ಕೆ ಎರಡು ಕಾಲಿದ್ದವು, ಇನ್ನೊಂದು ಕಾಲ ಮೇಲೆ ಕಾಲು ಹಾಕಿಕೊಂಡಿತ್ತು.

ಕ್ಯಾರೆಟ್ಟಿನದು ಇನ್ನೊಂದು ಥರ. ಅದು ಮೊಳೆಯಲು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ, ಅಲ್ಲಿಯವರೆಗೆ ಮಣ್ಣಿನ ಮೇಲ್ಪದರ ಒಣಗಬಾರದು. ಮೂಲಂಗಿ ಪಟಾರನೆ ಎದ್ದಿದ್ದನ್ನು ನೋಡಿದವರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಇವರು ದಿನಾ ಬೆಳಿಗ್ಗೆ ಬೆರಳಲ್ಲಿ ಒಂಚೂರು ಕೆದಕಿ, ಬೀಜ ಇದೆಯಾ ಅಂತ ನೋಡಿ, ಮತ್ತೆ ಮುಚ್ಚುತ್ತಿದ್ದರು. ಬೀಜ ಇತ್ತು. ಇಷ್ಟು ಸಲ ಎಬ್ಬಿಸಿದ ಮೇಲೆ ಅದಕ್ಕೂ ಬೇಜಾರಾಗಿರಬೇಕು, ಏಳಲೇ ಇಲ್ಲ.

ನೀರಿನ ವಿಷಯದಲ್ಲಿ ನಮ್ಮಿಬ್ಬರ ನಡುವೆ ಮಾತುಕತೆಯೇ ಇರಲಿಲ್ಲ. ಬೆಳಿಗ್ಗೆ ಅವರು ಹಾಕಿ ಹೋಗುವರು, ಸಂಜೆ ಮೇಲ್ಮಣ್ಣು ಒಣಗಿದ್ದು ಕಂಡು ನಾನು ಹಾಕುವೆ. ಏರುಮಡಿ ಬೇಗ ಒಣಗುತ್ತದೆ ಅನ್ನುವುದು ನಿಜವೇ. ಆದರೆ ಮೇಲೆ ಒಣಗಿದ್ದು ಕೆಳಗೂ ಒಣಗಿರಬೇಕೆಂದಿಲ್ಲ, ಎರಡು ಗೆಣ್ಣಿನಷ್ಟು ಬೆರಳು ಒಳಗೆ ತೂರಿಸಿ ನೋಡಬೇಕು. ಬೆರಳು ತೂರಿಸಿದ ದಿನ ಒಳಗೆ ಕೆಸರು ಪಚಪಚ ಅಂದಿತು. ಅಷ್ಟರಲ್ಲಿ ಟೊಮೆಟೊ ಸಸಿಗಳು ಬುಡದಲ್ಲಿ ದಾರದಷ್ಟು ಸಣ್ಣಗಾಗಿ ಒಂದರ ಮೇಲೊಂದು ಮಲಗಿಯಾಗಿತ್ತು. ಉಳಿದ ಜಾಗವನ್ನು ಬೀದಿಯ ಬೆಕ್ಕು ತನ್ನ ಬೆಳಗಿನ ಕೆಲಸಕ್ಕೆ ಗೊತ್ತು ಮಾಡಿಕೊಂಡಿತು. ಸಡಿಲ ಮಣ್ಣು, ಸುತ್ತಲೂ ಕಟ್ಟೆ, ಅದಕ್ಕೆ ಇನ್ನೇನು ಬೇಕು! ಒಣಕಡ್ಡಿಗಳನ್ನು ಒತ್ತೊತ್ತಾಗಿ ಚುಚ್ಚಿಟ್ಟ ಮೇಲೆ ನಿಂತಿತು. ಬೆಕ್ಕಿಗಿಂತ ಹೆಚ್ಚಾಗಿ ಆ ಕಡ್ಡಿ ಚುಚ್ಚಿಸಿಕೊಂಡವಳು ನಾನು.

ಈ ಗಲಾಟೆಯಲ್ಲಿ ಆಚೆಯ ಎರಡಡಿಯನ್ನು ಯಾರೂ ತಿರುಗಿ ನೋಡಲಿಲ್ಲ. ಮನೆಯ ಕಸದಿಂದ ಮಾಡಿದ ಗೊಬ್ಬರ ಉಳಿದಿತ್ತು, ಅದನ್ನು ನಿಂತಲ್ಲಿಂದಲೇ ಆ ಕಡೆಗೆ ಬೀಸಿ ಒಗೆದಿದ್ದೆ, ಅಷ್ಟೇ. ಬಿತ್ತಿದಂತೆ ಬೆಳೆ ಅಂತ ಹೇಳಿದ ಹಿರಿಯರು ಮನೆಗೊಬ್ಬರ ಹಾಕಿ ನೋಡಿರಲಿಕ್ಕಿಲ್ಲ. ಗೊಬ್ಬರದ ಗುಡ್ಡೆ ಚೆನ್ನಾಗಿ ಬಿಸಿಯೇರದಿದ್ದರೆ ಅದರೊಳಗಿನ ಬೀಜ ಸಾಯುವುದಿಲ್ಲ. ಎಂದೋ ಹೆಚ್ಚಿ ಬಿಸಾಡಿದ ಟೊಮೆಟೊ, ಎಂದೋ ತಿರುಳು ತೆಗೆದ ಕುಂಬಳ, ಎಲ್ಲವೂ ಅಲ್ಲಿ ಒಟ್ಟಿಗೆ ಹುಟ್ಟಿಬಂದವು. ಅಲ್ಲಿ ದಿನಾ ಕೆದಕುವವರಿರಲಿಲ್ಲ, ಎರಡೆರಡು ಸಲ ನೀರು ಸುರಿಯುವವರಿರಲಿಲ್ಲ, ಪಾಪ ಅನ್ನುವವರೂ ಇರಲಿಲ್ಲ. ಈಚೆ ನಾವು ಕಡ್ಡಿ ಚುಚ್ಚುತ್ತಾ ಕೂತಿದ್ದಾಗ ಅಲ್ಲಿ ಗಿಡಗಳು ಗೋಡೆಯೆತ್ತರಕ್ಕೆ ಬಂದಿದ್ದವು.

ಗಿಡ ಕಂಡ ಮೇಲೆ ಇವರಿಗೆ ಆಚೆ ಕಡೆಯ ಮೇಲೆ ಮತ್ತೆ ಮಮತೆ ಉಕ್ಕಿತು. ಕುಂಬಳ ಹೂವೇನೋ ಬಿಡುತ್ತಿತ್ತು, ಬಿಟ್ಟಿದ್ದೆಲ್ಲ ಉದುರುತ್ತಿತ್ತು. ಮೊದಲು ಬರುವುದೆಲ್ಲ ಸಾಮಾನ್ಯವಾಗಿ ಗಂಡು ಹೂವೇ, ಹೆಣ್ಣು ಹೂವು ನಿಧಾನಕ್ಕೆ ಬರುತ್ತದೆ, ಅದರ ಬೆನ್ನಿಗೆ ಗೋಲಿಯಷ್ಟು ಕಾಯಿ ಅಂಟಿಕೊಂಡಿರುತ್ತದೆ. ಅಂಥದ್ದು ಕಂಡ ದಿನ, ಜೇನು ಬರಲಿ ಅಂತ ಕಾಯುವ ವ್ಯವಧಾನ ಇವರಿಗಿರಲಿಲ್ಲ. ಕುಂಬಳದ ಹೂವು ಬೆಳಗಿನ ಹೊತ್ತು ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದಲ್ಲ, ಹಾಗಾಗಿ ನಸುಕಿಗೇ ಎದ್ದು, ಉದ್ದನೆಯ ಕೋಲಿನ ತುದಿಗೆ ಮಗಳ ಪೇಂಟಿಂಗ್ ಬ್ರಷ್ ಕಟ್ಟಿ, ಗಂಡು ಹೂವಿನ ಪರಾಗ ಸವರಿ ಹೆಣ್ಣು ಹೂವಿಗೆ ಗುರಿಯಿಡುತ್ತಾ ನಿಂತಿದ್ದರು. ಗೋಡೆಯಾಚೆ ಪಕ್ಕದ ಮನೆ ಆಂಟಿಯ ತಲೆ ಮೂಡಿತು.

"ಏನ್ರೀ ಅದು, ಹೂವಿಗೆ ಬಣ್ಣ ಹೊಡೀತಿದ್ದೀರಾ?"

ಇವರು ಮದುವೆಯಾದ ಹೊಸದರಲ್ಲೂ ಅಷ್ಟು ಕೆಂಪಾಗಿರಲಿಲ್ಲ.

ಕುಂಬಳ ಅಂತೂ ಕಚ್ಚಿತು. ಟೊಮೆಟೊ ಗಿಡಕ್ಕೆ ಬಿಸಿಲು ಎಲ್ಲಿ ಕಂಡಿತೋ ಅಲ್ಲಿಗೆ ಹೊರಟಿತು. ಅಂದರೆ ಗೋಡೆ ಹತ್ತಿ ಅತ್ತ ಬಾಗಿ, ಹಣ್ಣೆಲ್ಲ ಆ ಕಡೆಗೇ ಗೊಂಚಲು ಗೊಂಚಲಾಗಿ ಇಳಿಬಿಟ್ಟುಕೊಂಡಿತು. ನಮಗೆ ಈ ಕಡೆಯಿಂದ ಕಾಣುತ್ತಿದ್ದುದು ಎಲೆ ಮಾತ್ರ. ಮೊನ್ನೆ ಆಂಟಿ ಗೇಟಿನ ಹತ್ತಿರ ಬಂದು ಒಂದು ಬಟ್ಟಲು ಚಾಚಿದರು, ತುಂಬಾ ಕೆಂಪು ಕೆಂಪು ಟೊಮೆಟೊ. "ತಗೊಳ್ಳಮ್ಮ, ನಮ್ಮ ಗೋಡೆ ಮೇಲೆ ತುಂಬಾ ಬಿಟ್ಟಿದೆ, ನಾವು ಎಷ್ಟು ಅಂತ ತಿನ್ನೋದು" ಅಂದರು. ನಾನು ಥ್ಯಾಂಕ್ಸ್ ಹೇಳಿದೆ. ಇನ್ನೇನು ಹೇಳಲಿ? ಯಾವ ತಳಿ ಅಂತ ಕೇಳಿದರು. ಕಸದಲ್ಲಿ ಹುಟ್ಟಿದ್ದರ ತಳಿ ಅದರ ಅಮ್ಮನಿಗೇ ಗೊತ್ತು ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಹೊರಟವರು ಗೇಟಿನ ಹತ್ತಿರ ಮತ್ತೆ ನಿಂತರು.

"ಅಂದಹಾಗೆ ನಿಮ್ಮ ಯಜಮಾನರಿಗೆ ಹೇಳಿ. ಮುಂದಿನ ಸಲ ಬದನೆಕಾಯಿ ಹಾಕೋದಿದ್ರೆ ಗೋಡೆಗೆ ಇನ್ನೊಂಚೂರು ಒತ್ತಿ ಹಾಕೋಕೆ. ನನಗೆ ಮಂಡಿನೋವು ನೋಡಿ, ಬಗ್ಗೋಕಾಗಲ್ಲ."