ಗಲ್ಲಾದ ಮೇಲಿನ ರಿಮೋಟು

ಅಮೆರಿಕದಲ್ಲಿ ಕೀ ಚೈನಿಗೆ ಸಿಕ್ಕಿಸಿಕೊಳ್ಳುವಷ್ಟು ಪುಟ್ಟ ರಿಮೋಟೊಂದು ಸಿಗುತ್ತದೆ. ಹೆಸರು ಟಿವಿ-ಬಿ-ಗಾನ್. ಅದರಲ್ಲಿರುವುದು ಒಂದೇ ಗುಂಡಿ. ಒತ್ತಿ ಟಿವಿಯತ್ತ ಹಿಡಿದರೆ ಬೇರೆ ಬೇರೆ ಕಂಪನಿಗಳ ಟಿವಿಗಳನ್ನು ಆರಿಸುವ ಸಂಕೇತಗಳನ್ನು ಒಂದಾದ ಮೇಲೊಂದರಂತೆ ಬಿಡುತ್ತಾ ಹೋಗುತ್ತದೆ, ಹೆಚ್ಚು ಓಡುವ ಕಂಪನಿಗಳದು ಮೊದಲು. ಇಡೀ ಪಟ್ಟಿ ಮುಗಿಯಲು ಒಂದು ನಿಮಿಷಕ್ಕೆ ತುಸು ಹೆಚ್ಚು ಬೇಕು. ಅಷ್ಟರೊಳಗೆ ಯಾವುದೋ ಒಂದು ತಾಳೆಯಾಗಿ ಎದುರಿನ ಟಿವಿ ಕಪ್ಪಾಗುತ್ತದೆ. ಮಿಚ್ ಆಲ್ಟ್‌ಮನ್ ಎಂಬ ಸ್ಯಾನ್ ಫ್ರಾನ್ಸಿಸ್ಕೋದ ಎಂಜಿನಿಯರ್ ಇದನ್ನು 2004ರಲ್ಲಿ ಮಾರಾಟಕ್ಕೆ ತಂದರು. ಗೆಳೆಯರ ಜೊತೆ ಹೋಟೆಲಿಗೆ ಹೋಗಿದ್ದಾಗ ಮಾತು ಬಿಟ್ಟು ಎಲ್ಲರ ಕಣ್ಣೂ ಟಿವಿಯ ಮೇಲೇ ನೆಟ್ಟಿದ್ದನ್ನು ಕಂಡು ಹೊಳೆದ ಉಪಾಯವಂತೆ.

ಕೋಲಾರದವನಿಗೆ ಈ ಉಪಾಯ ಹೊಳೆಯುವುದೇ ಇಲ್ಲ ಅನ್ನುವುದು ನನ್ನ ವಾದ. ನಮ್ಮವರಿಗೆ ಬುದ್ಧಿ ಕಮ್ಮಿ ಅಂತ ಹೇಳುತ್ತಿಲ್ಲ. ಹೋಟೆಲಿನ ಟಿವಿ ಆಫ್ ಆಗಬೇಕು ಅಂತ ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಸೌಂಡ್ ಕಮ್ಮಿ ಆಗಬೇಕು, ಇಲ್ಲವೇ ಚಾನೆಲ್ ಬದಲಾಗಬೇಕು, ಅಷ್ಟೇ. ಜಗಳವೆಲ್ಲ ಪಾಲಿನದು.

ರಿಮೋಟಿನ ಹುಟ್ಟಿನಲ್ಲೇ ಸ್ವಲ್ಪ ಸಿಟ್ಟು ಸೇರಿದೆ. ಅಮೆರಿಕದ ಝೆನಿತ್ ಕಂಪನಿ 1955ರಲ್ಲಿ ಫ್ಲ್ಯಾಶ್‌ಮ್ಯಾಟಿಕ್ ಎಂಬ ರಿಮೋಟು ತಂದಾಗ ಕೂತಲ್ಲಿಂದಲೇ ಜಾಹೀರಾತಿನ ಬಾಯಿ ಮುಚ್ಚಿಸಬಹುದು ಅನ್ನುವುದೇ ಅದರ ದೊಡ್ಡ ಆಕರ್ಷಣೆಯಾಗಿತ್ತು. ಟಾರ್ಚಿನ ಹಾಗಿದ್ದ ಅದರ ಬೆಳಕನ್ನು ಪರದೆಯ ನಾಲ್ಕು ಮೂಲೆಗಳಲ್ಲಿ ಬೇಕಾದ್ದಕ್ಕೆ ಬಿಡಬೇಕಿತ್ತು. ಕಿಟಕಿಯ ಬಿಸಿಲು ಬಿದ್ದರೂ ಟಿವಿ ಅದನ್ನು ಅಪ್ಪಣೆ ಅಂದುಕೊಳ್ಳುತ್ತಿತ್ತು. ಮರುವರ್ಷ ಅದೇ ಕಂಪನಿ ತಂದ ಸ್ಪೇಸ್ ಕಮಾಂಡ್‌ಗೆ ಸೆಲ್ಲೇ ಬೇಕಿರಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಅಲ್ಯುಮಿನಿಯಂ ಸರಳಿಗೆ ಪುಟ್ಟ ಸುತ್ತಿಗೆ ಬಡಿದು ನಮ್ಮ ಕಿವಿಗೆ ಕೇಳದ ಸದ್ದು ಹೊರಡುತ್ತಿತ್ತು. ನಾವೆಲ್ಲ ಬಳಸುವ ಅತಿಗೆಂಪು ಕಿರಣದ, ಅಂದರೆ ಐಆರ್ ರಿಮೋಟು ಮನೆಮನೆ ಸೇರಿದ್ದು ಬಹಳ ತಡವಾಗಿ.

ಐಆರ್ ರಿಮೋಟಿನ ಕೆಲಸ ಸರಳ. ತುದಿಯ ಎಲ್‌ಇಡಿ ಸಾಮಾನ್ಯವಾಗಿ ಸೆಕೆಂಡಿಗೆ 38,000 ಬಾರಿಯ ಲೆಕ್ಕದಲ್ಲಿ ಮಿನುಗುತ್ತಾ ಬೆಳಕನ್ನು ತುಂಡು ತುಂಡಾಗಿ ಕಳಿಸುತ್ತದೆ. ಟಿವಿಯ ಕಣ್ಣು ಆ ವೇಗದಲ್ಲಿ ಮಿನುಗುವ ಬೆಳಕನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಬಿಸಿಲಿಗೂ ಟ್ಯೂಬ್‌ಲೈಟಿಗೂ ಅದು ಮೋಸಹೋಗುವುದು ಕಡಿಮೆ. ನಮ್ಮ ಕಣ್ಣಿಗೆ ಈ ಬೆಳಕು ಕಾಣದು. ಫೋನಿನ ಕ್ಯಾಮೆರಾಗೆ ಹಿಡಿದರೆ ಹೆಚ್ಚಾಗಿ ನೇರಳೆ ಚುಕ್ಕೆಯಾಗಿ ಕಾಣುತ್ತದೆ, ಕೆಟ್ಟಿದ್ದು ಸೆಲ್ಲೋ ರಿಮೋಟೋ ಅಂತ ರಿಪೇರಿ ಅಂಗಡಿಯವರು ನೋಡುವುದು ಹೀಗೇ. ಬೆಳಕಿನ ಆ ತುಂಡುಗಳಲ್ಲಿ ಯಾವ ಬಗೆಯ ಯಂತ್ರ, ಏನು ಮಾಡಬೇಕು ಅನ್ನುವ ಎರಡು ಮಾತಿರುತ್ತವೆ. ಒತ್ತಿದವರು ಯಾರು ಅನ್ನುವುದು ಎಲ್ಲೂ ಇಲ್ಲ. ಒಂದು ಮಾದರಿಯ ಎಲ್ಲ ಟಿವಿಗಳಿಗೂ ಸಂಕೇತ ಒಂದೇ. ಮನೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ, ಜಗಳವಾಡಿದರೆ ಅಣ್ಣತಮ್ಮಂದಿರು ಆಡಬೇಕು. ಅದೇ ಟಿವಿಯನ್ನು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನ ಗೋಡೆಗೆ ಹೊಡೆದರೂ ಅದು ಮನೆಯಲ್ಲೇ ಇದ್ದೇನೆ ಅಂದುಕೊಂಡಿರುತ್ತದೆ, ಯಾರು ಒತ್ತಿದರೂ ಕೇಳುತ್ತದೆ.

ನಾನೀಗ ಇರುವ ಸಿಯಾಟಲ್‌ನಲ್ಲಿ ಟಿವಿ ಇಲ್ಲದ ಜಾಗವೇ ಅಪರೂಪ. ಹಲ್ಲಿನ ಡಾಕ್ಟರ ಹತ್ತಿರ, ಜಿಮ್‌ನಲ್ಲಿ, ವಿಮಾನ ನಿಲ್ದಾಣದಲ್ಲಿ, ಕೊನೆಗೆ ಪೆಟ್ರೋಲ್ ಪಂಪಿನ ಮೂತಿಯ ಮೇಲೂ ಒಂದು ಪರದೆ. ಆದರೆ ಹೆಚ್ಚಿನವು ಮೂಕವಾಗಿ ಓಡುತ್ತಿರುತ್ತವೆ, ಮಾತೆಲ್ಲ ಕೆಳಗೆ ಅಕ್ಷರದಲ್ಲಿ, ಅಂದರೆ ಕ್ಯಾಪ್ಷನ್ ಆಗಿ ಬರುತ್ತದೆ. ಆ ಅಕ್ಷರಗಳ ಹಿಂದೆ ಕಾನೂನಿದೆ. 13 ಇಂಚು ಹಾಗೂ ಅದಕ್ಕಿಂತ ದೊಡ್ಡ ಟಿವಿಗಳಲ್ಲಿ ಕ್ಯಾಪ್ಷನ್ ತೋರಿಸುವ ಸಾಮರ್ಥ್ಯ ಇರಲೇಬೇಕೆಂದು ಅಮೆರಿಕದ ಸಂಸತ್ತು 1990ರಲ್ಲಿ ಕಾಯ್ದೆ ಮಾಡಿತು, 1993ರ ಜುಲೈನಿಂದ ಅದು ಜಾರಿಗೆ ಬಂತು. ಸಾರ್ವಜನಿಕರು ಬಂದುಹೋಗುವ ಕಡೆ ಟಿವಿ ಹಾಕಿದರೆ ಕ್ಯಾಪ್ಷನ್ ಹಾಕಿಯೇ ಇರಬೇಕೆಂದು ಪೋರ್ಟ್‌ಲ್ಯಾಂಡ್ ನಗರ 2015ರಲ್ಲಿ, ಸಿಯಾಟಲ್ 2019ರಲ್ಲಿ ನಿಯಮ ಮಾಡಿದವು. ಕಿವಿ ಕೇಳದವರಿಗಾಗಿ ಮಾಡಿದ ವ್ಯವಸ್ಥೆಯಿಂದ ಕಿವಿ ಚೆನ್ನಾಗಿ ಕೇಳುವ ನನ್ನಂಥವನಿಗೂ ನೆಮ್ಮದಿ ಸಿಕ್ಕಿದೆ. ಇದನ್ನು ಹೊಗಳದೆ ಇರಲಾರೆ.

ಹೊಗಳಲಾರದ್ದು ಇನ್ನೊಂದು. ಎಲ್ಲೋ ಒಂದು ಕಡೆ ಸೌಂಡ್ ಜೋರಾಗಿದ್ದರೆ ಇಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾರೆ, ಜಾಗ ಬದಲಿಸುತ್ತಾರೆ, ಮನೆಗೆ ಹೋಗಿ ಇಂಟರ್ನೆಟ್ಟಿನಲ್ಲಿ ಆ ಜಾಗಕ್ಕೆ ಒಂದು ಸ್ಟಾರ್ ಕೊಡುತ್ತಾರೆ. ನನ್ನ ಆಫೀಸಿನವರೊಬ್ಬರು ಈ ಒಂಟಿ ಗುಂಡಿಯ ರಿಮೋಟನ್ನೇ ಇಟ್ಟುಕೊಂಡಿದ್ದಾರೆ. ಊಟಕ್ಕೆ ಹೋದಾಗ ಕೈಯನ್ನು ಮೇಜಿನಂಚಿಗೆ ತಂದು ಒತ್ತಿ, ಏನೂ ಗೊತ್ತಿಲ್ಲದವರ ಹಾಗೆ ಮೆನು ಓದುತ್ತಾರೆ. ಅತ್ತ ಬೇಸ್‌ಬಾಲ್ ನೋಡುತ್ತಾ ಕೂತಿದ್ದ ವಯಸ್ಸಾದವರು ಏನಾಯಿತೆಂದು ತಿಳಿಯದೆ ಅತ್ತಿತ್ತ ತಿರುಗುತ್ತಾರೆ. ಇವರು ಇದನ್ನು ಶಾಂತಿಗಾಗಿ ಹೋರಾಟ ಅನ್ನುತ್ತಾರೆ. ನನಗೆ ಮಾತ್ರ ಊಟದ ಪಂಕ್ತಿಯಲ್ಲಿ ತನಗೆ ಸಾರು ಬೇಡವೆಂದು ಸಾರಿನ ಬಕೀಟನ್ನೇ ಚೆಲ್ಲಿದ ಹಾಗೆ ಕಾಣುತ್ತದೆ. ಅದರ ಮೇಲೆ ಎಷ್ಟೋ ಟಿವಿಗಳಲ್ಲಿ ಆನ್‌ಗೂ ಆಫ್‌ಗೂ ಸಂಕೇತ ಒಂದೇ ಆದ್ದರಿಂದ, ಸುಮ್ಮನೆ ಮಲಗಿದ್ದ ಟಿವಿಯೊಂದು ಎದ್ದು ಕೂರುವುದೂ ಉಂಟು! 2008ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಎಂಬ ಎಲೆಕ್ಟ್ರಾನಿಕ್ ಸಾಮಾನುಗಳ ಪ್ರದರ್ಶನದಲ್ಲಿ ಗಿಝ್ಮೋಡೋ ಎಂಬ ಸುದ್ದಿತಾಣದವರು ಇದೇ ಸಾಧನ ಹಿಡಿದು ಮಳಿಗೆಗಳ ಗೋಡೆತುಂಬ ಇದ್ದ ಟಿವಿಗಳನ್ನೂ, ವೇದಿಕೆಯಲ್ಲಿ ಯಾರೋ ಮಾತಾಡುತ್ತಿದ್ದಾಗ ಹಿಂದಿನ ಪರದೆಯನ್ನೂ ಆರಿಸಿ ಬೈಸಿಕೊಂಡರು. ಅವರಲ್ಲೊಬ್ಬರಿಗೆ ಪ್ರದರ್ಶನದ ಬಾಗಿಲೇ ಮುಚ್ಚಿತು. ದೊಡ್ಡ ಕಂಪನಿಗಳಿಗೆ ಕೀಟಲೆ ಮಾಡಿದರೆ ನನಗೇನೂ ಬೇಸರವಿಲ್ಲ, ಆದರೆ ವೇದಿಕೆಯಲ್ಲಿ ಪೆಚ್ಚಾಗಿ ನಿಂತವರು ಕಂಪನಿಯಲ್ಲ, ಸಂಬಳಕ್ಕೆ ದುಡಿಯುವ ಒಬ್ಬ ನೌಕರ.

ಈಗ ಕೋಲಾರಕ್ಕೆ ಬನ್ನಿ. ಹೋಟೆಲಿನ ರಿಮೋಟು ಗಲ್ಲಾದ ಮೇಲೆ, ಬಿಲ್ ಚುಚ್ಚುವ ಮೊಳೆಯ ಪಕ್ಕ ಇರುತ್ತದೆ. ಅದಕ್ಕೊಂದು ಪ್ಲಾಸ್ಟಿಕ್ ಕವರು, ಹಿಂದೆ ಸೆಲ್ ಬೀಳದ ಹಾಗೆ ರಬ್ಬರ್ ಬ್ಯಾಂಡು. ಒಂದಲ್ಲ, ಎರಡು: ಟಿವಿಯದೊಂದು, ಸೆಟ್‌ಟಾಪ್ ಬಾಕ್ಸಿನದೊಂದು. ಯಜಮಾನರು ಚಿಲ್ಲರೆ ಎಣಿಸುತ್ತಲೇ ಎಡಗೈಯಲ್ಲಿ ರಾಜ್ಯಭಾರ ನಡೆಸುತ್ತಾರೆ. ಬೆಳಿಗ್ಗೆ ಇಡ್ಲಿ ಹೊತ್ತಿಗೆ ಭಕ್ತಿಗೀತೆ, ಆಮೇಲೆ ನ್ಯೂಸ್, ಮಧ್ಯಾಹ್ನ ಹಳೇ ಸಿನಿಮಾ, ಸಂಜೆ ಮ್ಯಾಚು. ಈ ಪಂಚಾಂಗವನ್ನು ಮುರಿಯಬೇಕೆಂದರೆ ಕೂತಲ್ಲಿಂದಲೇ ಕೂಗಬೇಕು. "ಅಣ್ಣೋ, ಒಸಿ ಸೌಂಡ್ ಕಮ್ಮಿ ಮಾಡಣ್ಣೋ, ಫೋನಲ್ಲಿ ಏನೂ ಕೇಳಿಸ್ತಿಲ್ಲ." ಹಿಂದಿನ ಮೇಜಿನಿಂದ ಇನ್ನೊಬ್ಬ, "ಮಾಡ್‌ಬೇಡಿ ಯಜಮಾನ್ರೇ, ಲಾಸ್ಟ್ ಓವರು." ಯಜಮಾನರು ಇಬ್ಬರ ಮುಖ ನೋಡಿ ನಡುವಿನ ಒಂದು ಲೆಕ್ಕಕ್ಕೆ ಇಳಿಸುತ್ತಾರೆ. ಯಾರಿಗೂ ಪೂರ್ತಿ ತೃಪ್ತಿಯಿಲ್ಲ, ಯಾರೂ ಎದ್ದು ಹೋಗುವುದೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಚೌಕಾಸಿಗೆ ಭಾಷೆಯ ಒಗ್ಗರಣೆಯೂ ಇದೆ. ಆಂಧ್ರ, ತಮಿಳುನಾಡು ಎರಡರ ಗಡಿಯೂ ತಗಲುವ ಜಿಲ್ಲೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ತೆಲುಗು ಪಿಕ್ಚರ್ ಬೇಕು, ಕೆಜಿಎಫ್‌ನಿಂದ ಬಂದವರಿಗೆ ತಮಿಳು ಹಾಡು ಬೇಕು, ಕನ್ನಡ ನ್ಯೂಸ್ ಬೇಕು ಅನ್ನುವವರು ಎಲ್ಲ ಕಡೆ ಇದ್ದಾರೆ. ಟೊಮೆಟೊ ಸೀಸನ್ನಿನಲ್ಲಿ ಎಪಿಎಂಸಿ ಮಂಡಿಯ ಸುತ್ತಮುತ್ತಲ ಹೋಟೆಲುಗಳಿಗೆ ಉತ್ತರದ ಲಾರಿ ಡ್ರೈವರುಗಳು ಬಂದು ಕೂತರೆ ಅವರ ಪಾಲಿಗೊಂದಿಷ್ಟು ಹಿಂದಿ. ಇಷ್ಟೆಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ. ಹೊರರಾಜ್ಯ, ಹೊರದೇಶದಲ್ಲಿ ಭಾಷೆಯ ವಿಷಯಕ್ಕೆ ಮುಖ ಕೆಡಿಸಿಕೊಳ್ಳುವವರನ್ನು ಬೇಕಾದಷ್ಟು ಕಂಡಿರುವ ನನಗೆ, ಇಲ್ಲಿ ಗಲ್ಲಾದ ಹಿಂದೆ ಕೂತವರ ತಾಳ್ಮೆ ದೊಡ್ಡದಾಗಿ ಕಾಣುತ್ತದೆ.

ತಮಾಷೆಯೆಂದರೆ, ಕಣ್ತಪ್ಪಿಸಿ ಟಿವಿ ಆಳುವ ಸಾಧನ ಹೆಚ್ಚಿಗೆ ಇರುವುದು ಅಮೆರಿಕದವರ ಜೇಬಿನಲ್ಲಲ್ಲ, ಕೋಲಾರದ ಹುಡುಗರ ಜೇಬಿನಲ್ಲಿ. ಐಫೋನಿಗೆ ಐಆರ್ ರಿಮೋಟು ಯಾವತ್ತೂ ಬರಲಿಲ್ಲ. ಸ್ಯಾಮ್‌ಸಂಗ್ 2013ರ ಗ್ಯಾಲಕ್ಸಿ ಎಸ್4ನಲ್ಲಿ ಕೊಟ್ಟು, ಆಮೇಲೆ ತನ್ನ ದುಬಾರಿ ಫೋನುಗಳಿಂದ ತೆಗೆದುಬಿಟ್ಟಿತು. ಅಮೆರಿಕದಲ್ಲಿ ಶಿಯೋಮಿ ಫೋನು ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಅದೇ ಕಂಪನಿಯ ರೆಡ್ಮಿ ಇಲ್ಲದ ಬೀದಿಯಿಲ್ಲ, ಅವುಗಳಲ್ಲಿ ಬಹಳಷ್ಟರ ನೆತ್ತಿಯ ಮೇಲೆ ಐಆರ್ ಬಿಡುವ ಪುಟ್ಟ ಕಪ್ಪು ಚುಕ್ಕೆ ಇದೆ. ಒಳಗಿರುವ ರಿಮೋಟ್ ಆ್ಯಪ್‌ಗೆ ನಮ್ಮ ಸೆಟ್‌ಟಾಪ್ ಬಾಕ್ಸುಗಳ ಪರಿಚಯವೂ ಇದೆ. ಅಂಥದ್ದು ಕೈಲಿದ್ದೂ ನಮ್ಮವರು ಅದರಿಂದ ಏನು ಮಾಡುತ್ತಾರೆ? ಭಾನುವಾರ ಕಟಿಂಗ್ ಶಾಪಿನ ಬೆಂಚಿನಲ್ಲಿ ಕೂತು, ಆರ್‌ಸಿಬಿ ಮ್ಯಾಚ್ ಓಡುವಾಗ ಧಾರಾವಾಹಿಗೆ ತಿರುಗಿಸುತ್ತಾರೆ. ಕತ್ತರಿ ನಿಲ್ಲುತ್ತದೆ. "ಯಾವನ್ಲಾ ಅದು?" ಅರ್ಧ ಮೀಸೆಯವರು ಕನ್ನಡಿಯಲ್ಲೇ ಬೆಂಚನ್ನು ತಪಾಸಣೆ ಮಾಡುತ್ತಾರೆ. ನಗು ತಡೆಯಲಾರದ ಮುಖ ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ, ಅವನ ಅಪ್ಪ ಯಾರು ಅನ್ನುವುದೂ ಎಲ್ಲರಿಗೂ ಗೊತ್ತಿರುತ್ತದೆ. ಸಿಯಾಟಲ್‌ನ ನನ್ನ ಸಹೋದ್ಯೋಗಿಗೆ ಸಿಗುವ ಮರೆ ಇಲ್ಲಿ ಸಿಗುವುದಿಲ್ಲ. ಹಾಗಾಗಿ ಆ ಸಾಧನ ಇಲ್ಲಿ ಕೀಟಲೆಗಷ್ಟೇ ಉಳಿದಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮೂರೇ ಚೆಂದ ಅನ್ನುವ ಹೊರನಾಡಿನವರ ಹಳೇ ರಾಗವಾದೀತು. ಕೇಳಿ ಪಡೆಯುವ ಈ ಪದ್ಧತಿ ಎಲ್ಲರಿಗೂ ಒದಗುವುದಿಲ್ಲ. ಕೂಗಿ ಕೇಳುವವರು ಗಂಡಸರು, ದಿನಾ ಬರುವ ಗಿರಾಕಿಗಳು, ದುಡ್ಡು ಕೊಡುವವರು. ಫ್ಯಾಮಿಲಿ ರೂಮಿನಿಂದ ಹೆಣ್ಣುಮಗಳೊಬ್ಬಳು "ಚಾನೆಲ್ ಬದಲಿಸಿ" ಅಂತ ಕೂಗಿದ್ದನ್ನು ನಾನು ಕೇಳಿಲ್ಲ. ಇಡೀ ದಿನ ಆ ಸದ್ದಿನಲ್ಲೇ ನಿಂತು ತಟ್ಟೆ ಹೊರುವ ಸಪ್ಲೈಯರ್‌ಗೆ ಏನು ಬೇಕು ಅಂತ ಯಾರೂ ಕೇಳಿಲ್ಲ.

ಆಸ್ಪತ್ರೆಗೆ ಬಂದರಂತೂ ಈ ಪದ್ಧತಿ ಪೂರ್ತಿ ಕೈಕೊಡುತ್ತದೆ. ಅಮ್ಮನನ್ನು ತೋರಿಸಲು ನನ್ನ ತಂಗಿ ಕೋಲಾರದ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದಳು. ಟೋಕನ್ ಹಿಡಿದು ಕೂತವರ ತಲೆಯ ಮೇಲೆ ನ್ಯೂಸ್ ಚಾನೆಲ್ ಒಂದೇ ಅಪಘಾತದ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ಕಿರುಚುತ್ತಿತ್ತು. ಕೌಂಟರಿನಲ್ಲಿ ಕೇಳಿದರೆ "ರಿಮೋಟ್ ನಮ್ಮ ಹತ್ರ ಇಲ್ಲಮ್ಮ, ಆಫೀಸ್ ರೂಮಲ್ಲಿದೆ, ಸಾರ್ ಬರ್ಬೇಕು" ಅಂದರು. ಇವಳು ವಾಪಸ್ ಬಂದು ಕೂತು, ರೆಡ್ಮಿ ತೆಗೆದು, ವಾಲ್ಯೂಮಿನ ಮೈನಸ್ ಗುಂಡಿಯನ್ನು ಒತ್ತುತ್ತಾ ಹೋದಳು. ಒಮ್ಮೆಗೇ ಅಲ್ಲ, ನಿಧಾನವಾಗಿ. ಪಕ್ಕದ ಅಜ್ಜಿ ಟಿವಿ ನೋಡುವುದನ್ನು ಬಿಡಲಿಲ್ಲ, ಆದರೆ ನರ್ಸ್ ಹೆಸರು ಕೂಗಿದ್ದು ಎಲ್ಲರಿಗೂ ಕೇಳಿಸಿತಂತೆ. ಇದನ್ನು ನಾನು ತಪ್ಪು ಅನ್ನಲಾರೆ. ಮೊದಲು ಕೇಳಿದ್ದಾಳೆ, ಪರದೆಯನ್ನು ಯಾರಿಂದಲೂ ಕಿತ್ತುಕೊಂಡಿಲ್ಲ. ಅಮೆರಿಕದ ಆ ಕೀ ಚೈನ್ ರಿಮೋಟಿಗೆ ಇದು ಸಾಧ್ಯವಿಲ್ಲ, ಅದರಲ್ಲಿ ಮೈನಸ್ ಗುಂಡಿಯೇ ಇಲ್ಲ.

ಹಾಗಂತ ಪ್ರತಿ ರೋಗಿಯ ಜೊತೆಗೊಬ್ಬರು ಫೋನ್ ಹಿಡಿದು ಕೂರಲಿ ಅನ್ನಲಾಗದು. ನಿಯಮ ಮಾಡುವುದು ನಮಗೆ ಹೊಸದೂ ಅಲ್ಲ. ಬಸ್ಸಿನಲ್ಲಿ ಫೋನ್ ಸ್ಪೀಕರಿನಲ್ಲಿ ಹಾಡು, ವಿಡಿಯೊ ಹಾಕುವುದನ್ನು ಹೈಕೋರ್ಟ್ ಆದೇಶದ ಮೇರೆಗೆ ಕೆಎಸ್ಆರ್‌ಟಿಸಿ 2021ರ ನವೆಂಬರಿನಲ್ಲಿ ನಿಷೇಧಿಸಿತು. ಕೇಳದವರನ್ನು ಕೆಳಗಿಳಿಸುವ ಅಧಿಕಾರ ಕಂಡಕ್ಟರಿಗಿದೆ, ಟಿಕೆಟ್ ದುಡ್ಡೂ ವಾಪಸಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಟಿವಿಯಂಥ ಮಾಧ್ಯಮದಲ್ಲಿ ಸಂಜ್ಞಾಭಾಷೆ, ಕ್ಯಾಪ್ಷನ್ ಸಿಗುವಂತೆ ಮಾಡಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಕಾಯುವ ಕೋಣೆಗಳ ಟಿವಿಯಲ್ಲಿ ಸಿಯಾಟಲ್ ಮಾದರಿಯಲ್ಲಿ ಅಕ್ಷರ ಓಡಲಿ, ಜೊತೆಗೆ ಅದು ಮೂಕವಾಗಿಯೂ ಇರಲಿ ಅನ್ನುವ ಒಂದು ಸಾಲಿನ ನಿಯಮವನ್ನು ನಮ್ಮ ನಗರಸಭೆಗಳೂ ಮಾಡಬಹುದು. ನಮ್ಮ ನ್ಯೂಸ್ ಚಾನೆಲ್‌ಗಳಂತೂ ಅರ್ಧ ಪರದೆಯನ್ನು ಈಗಾಗಲೇ ದಪ್ಪ ಅಕ್ಷರಗಳಿಗೇ ಬಿಟ್ಟುಕೊಟ್ಟಿವೆ. ಸೌಂಡ್ ತೆಗೆದರೆ ಕಳೆದುಹೋಗುವ ಸುದ್ದಿ ಏನೂ ಇಲ್ಲ.

ಹೋದ ಸಲ ಊರಿಗೆ ಬಂದಾಗ ಇದನ್ನೇ ಪರಿಚಯದ ಹೋಟೆಲ್ ಯಜಮಾನರ ಮುಂದೆ ಇಟ್ಟೆ. ಅವರು ನಕ್ಕು, "ಸೌಂಡ್ ತೆಗೆದ್ರೆ ಒಳಗೆ ಯಾರೂ ಇಲ್ಲ ಅಂತ ಜನ ಮುಂದಿನ್ ಹೋಟ್ಲಿಗೆ ಹೋಗ್ತಾರೆ ಸ್ವಾಮಿ" ಅಂದರು. ವ್ಯಾಪಾರ ಮಾಡುವವರು ಅವರು, ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಟಿವಿ ಸದ್ದು ಕೇಳಿ ಆಸ್ಪತ್ರೆಯೊಳಗೆ ಬರುವ ಗಿರಾಕಿ ಯಾರೂ ಇಲ್ಲವಲ್ಲ, ನಿಯಮವನ್ನು ಅಲ್ಲಿಂದಲೇ ಶುರು ಮಾಡಬಹುದು.