ಕೋಚ್ ಬೇಕಾಗಿದ್ದಾರೆ, ಗುತ್ತಿಗೆ ನಂಬಬೇಡಿ

ಮೆಲ್ಬರ್ನ್‌ನ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಕ್ಲಬ್ ಸೇಂಟ್ ಕಿಲ್ಡಾದ ಧ್ಯೇಯವಾಕ್ಯ ಏನು ಗೊತ್ತಾ? ನಿಷ್ಠೆಯಿಂದ ಬಲ. ಪಾಪ, ಅದನ್ನು ಅಭಿಮಾನಿಗಳಿಗೆ ಬರೆದಿರಬೇಕು. ಕೋಚ್‌ಗಳಿಗಂತೂ ಅಲ್ಲ.

1897ರಿಂದ ಲೀಗ್‌ನಲ್ಲಿರುವ ಈ ಕ್ಲಬ್ ಗೆದ್ದಿರುವುದು ಒಂದೇ ಒಂದು ಕಪ್. ಅದೂ 1966ರಲ್ಲಿ, ಒಂದೇ ಅಂಕದಿಂದ. ಆ ಗೆಲುವಿನ ಅಂಕ ಬಂದಿದ್ದೂ ಚೆಂಡು ಗೋಲು ತಪ್ಪಿ ಪಕ್ಕದಲ್ಲಿ ಹೋಗಿದ್ದಕ್ಕೆ. ಈ ಆಟದಲ್ಲಿ ಗುರಿ ತಪ್ಪಿದರೂ ಒಂದು ಅಂಕ ಕೊಡುತ್ತಾರೆ, ಧಾರಾಳಿಗಳು. ಆಗಿನ ಕೋಚ್ ಆಲನ್ ಜೀನ್ಸ್ 1961ರಿಂದ 1976ರವರೆಗೆ ಇದ್ದರು. ಒಬ್ಬರನ್ನೇ ಅಷ್ಟು ವರ್ಷ ಇಟ್ಟುಕೊಂಡರೆ ಕಪ್ ಬಂದುಬಿಡುತ್ತದೆ ಅಂತ ಕ್ಲಬ್‌ಗೆ ಭಯವಾಗಿರಬೇಕು. ಆಮೇಲೆ ಆ ಸಾಹಸಕ್ಕೆ ಕೈ ಹಾಕಲಿಲ್ಲ.

ಸ್ಟ್ಯಾನ್ ಆಲ್ವ್ಸ್ 1997ರಲ್ಲಿ ಗ್ರ್ಯಾಂಡ್ ಫೈನಲ್, ಅಂದರೆ ಕಪ್ ನಿರ್ಧರಿಸುವ ಪಂದ್ಯದವರೆಗೆ ಕರೆದೊಯ್ದರು. ಮರುವರ್ಷವೇ ಮನೆಗೆ. ಆ ಫೈನಲ್‌ನಲ್ಲಿ ಇವರನ್ನು ಸೋಲಿಸಿದ ಅಡಿಲೇಡ್‌ನ ಕೋಚ್ ಮಾಲ್ಕಮ್ ಬ್ಲೈಟ್. ಸೋಲಿಸಿದವರನ್ನೇ ತಂದರೆ ಆಯ್ತಲ್ಲ ಅಂತ 2001ರ ಋತುವಿಗೆ ಅವರನ್ನೇ ತಂದರು. ಕೇವಲ 15 ಪಂದ್ಯಕ್ಕೆ ಅವರಿಗೂ ಗೇಟ್ ಪಾಸ್. ಗ್ರಾಂಟ್ ಥಾಮಸ್ 2004ರಿಂದ ಸತತ ಮೂರು ವರ್ಷ ತಂಡವನ್ನು ಫೈನಲ್ಸ್‌ಗೆ, ಅಂದರೆ ಲೀಗ್ ಪಂದ್ಯಗಳ ನಂತರದ ನಾಕೌಟ್ ಹಂತಕ್ಕೆ ಒಯ್ದರು. ಅವರಿಗೂ ಅದೇ ಮರ್ಯಾದೆ.

ಆಮೇಲೆ ಬಂದ ರಾಸ್ ಲಯನ್ 2009ರಲ್ಲೂ 2010ರಲ್ಲೂ ಗ್ರ್ಯಾಂಡ್ ಫೈನಲ್ ಮುಟ್ಟಿಸಿದರು. ಆದರೆ 2011ರಲ್ಲಿ ಅವರೇ ಫ್ರೀಮ್ಯಾಂಟಲ್ ಎಂಬ ಇನ್ನೊಂದು ಕ್ಲಬ್‌ಗೆ ಹೊರಟುಬಿಟ್ಟರು. ಎಂಥಾ ಅನ್ಯಾಯ! ಕಳಿಸುವುದು ಕ್ಲಬ್‌ನ ಹಕ್ಕು, ಹೋಗುವುದು ಕೋಚ್‌ನ ಹಕ್ಕೇ?

ಆದರೂ ನನ್ನ ಮೆಚ್ಚಿನ ವರ್ಷ 2022. ಜುಲೈನಲ್ಲಿ ಕೋಚ್ ಬ್ರೆಟ್ ರ‍್ಯಾಟನ್ ಅವರ ಗುತ್ತಿಗೆಯನ್ನು 2024ರ ಕೊನೆವರೆಗೆ ವಿಸ್ತರಿಸಿದರು. ನಂಬಿಕೆ, ಭವಿಷ್ಯ, ಎಲ್ಲ ಆಯಿತು. ಋತು ಮುಗಿದ ಮೇಲೆ ಒಂದು ಪರಿಶೀಲನೆ ನಡೆಸಿದರು. ಅಕ್ಟೋಬರ್‌ನಲ್ಲಿ ರ‍್ಯಾಟನ್ ಔಟ್. ಸಹಿ ಹಾಕುವ ಮುಂಚೆ ಪರಿಶೀಲಿಸಬಹುದಿತ್ತಲ್ವಾ ಅಂತ ಕೇಳಬೇಡಿ. ಮೊದಲು ಮದುವೆ, ಆಮೇಲೆ ಜಾತಕ, ಇದು ಅವರ ಪದ್ಧತಿ. ಅದೇ ತಿಂಗಳು ಹೊಸ ಕೋಚ್ ಕೂಡ ಸಿಕ್ಕಿದರು. ಯಾರು? ಅದೇ ರಾಸ್ ಲಯನ್! ಹಳೇ ಗಂಡನ ಪಾದವೇ ಗತಿ.

2023ರಲ್ಲಿ ತಂಡ ಫೈನಲ್ಸ್‌ಗೆ ಹೋಗಿ, ಮೊದಲ ಪಂದ್ಯದಲ್ಲೇ ಸೋತಿತು. ಹಾಕಿದ್ದ ಸಹಿಯ ಪ್ರಕಾರ ಆಗಲೂ ರ‍್ಯಾಟನ್ ಅವರೇ ಕೋಚ್ ಆಗಿರಬೇಕಿತ್ತು, ಇನ್ನೂ ಒಂದು ವರ್ಷ.