ಓದೋರು ನಾವೂ ಅದೀವ್ರಿ

ಹದಿಹರೆಯದ ಮಕ್ಕಳು ಮೊಬೈಲ್ ಬಿಟ್ಟು ಪುಸ್ತಕ ಹಿಡಿಯೋದೇ ಇಲ್ಲ ಅಂತ ನಿಮ್ಮ ಲೇಖನದಾಗ ಬರ್ದೀರಿ. ನಾನು ಕಲಬುರಗಿಯಾಗ ಪಿಯುಸಿ ಎರಡನೇ ವರ್ಷ ಓದ್ಲತ್ತೀನಿ. ನಾವು ನಾಲ್ಕು ಮಂದಿ ಗೆಳತ್ಯಾರು ಪುಸ್ತಕ ಬದಲಿಸ್ಕೊಂಡು ಓದ್ತೀವ್ರಿ.

ಹೋದ ತಿಂಗಳು ಗೀತಾ ನಾಗಭೂಷಣ ಅವರ ‘ಬದುಕು’ ಓದಿದೆ. 2004ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ನಮ್ಮ ಕಡಿ ಮಾತು ಅಚ್ಚಿನಾಗ ನೋಡಿದ್ದು ನನಗ ಅದೇ ಮೊದಲು. ಶಾಲ್ಯಾಗ ಹಿಂಗ ಮಾತಾಡಿದ್ರ ತಿದ್ತಿದ್ರು, ಇಲ್ಲಿ ಅದೇ ಭಾಷಾದಾಗ ಇಷ್ಟು ದೊಡ್ಡ ಪುಸ್ತಕ! ನಮ್ಮ ಆಯಿಗಿ ಓದಾಕ ಬರಲ್ಲ. ಆಕಿ ರೊಟ್ಟಿ ಬಡಿಯೋ ಹೊತ್ತಿಗಿ ಬಾಜೂಕ ಕುಂತು ಜೋರಾಗಿ ಓದಿ ಹೇಳ್ತಿದ್ದೆ. ಒಂದಿನ ಕೇಳ್ಕೋತ ಕೈ ನಿಂತು, ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾಯ್ತು. “ಮುಂದ ಓದವ್ವ, ರೊಟ್ಟಿ ಹೋದ್ರ ಹೋಗ್ಲಿ” ಅಂದ್ಳು.

ಗೆಳತಿ ಒಬ್ಬಾಕಿಗಿ ತೇಜಸ್ವಿಯವರ ‘ಕರ್ವಾಲೊ’ ಭಾಳ ಸೇರಿತು. ಹಾರೋ ಓತಿ ಹುಡುಕೋ ಭಾಗ ಎರಡು ಸಲ ಓದ್ಯಾಳ. ನನಗೂ ಛಲೋ ಅನಿಸ್ತು, ಆದ್ರ ಮಲೆನಾಡಿನ ಆ ಮಳಿ, ಕಾಡು ಕಣ್ಣಿಗಿ ಕಟ್ಟಾಕ ಸ್ವಲ್ಪ ಹೊತ್ತು ಹಿಡೀತು. ನಮಗ ಗೊತ್ತಿದ್ದಿದ್ದು ತೊಗರಿ ಹೊಲ, ಬಿಸಿಲು.

ಮುಂದಿನ ಸಲ ಬರಿಯೋ ಮುಂದ ನಮ್ಮಂಥವರನ್ನೂ ಒಂದು ಮಾತು ಕೇಳ್ರಿ. ಏನು ಓದ್ಲತ್ತೀವಿ ಅಂತ ಹೇಳ್ತೀವಿ.